ಕಣ್ಣು ಮೆಚ್ಚಿದರೆ ಸಾಲದು, ಕೈ ಒಪ್ಪಬೇಕು

ಪ್ರಶ್ನೆ: ಇಲ್ಲಿನ ಕ್ಲಬ್ಬೊಂದರಲ್ಲಿ ಹಳೆಯ ಕಾಲದ ಬಂದೂಕುಗಳಿಂದ ಗುರಿಗೆ ಹೊಡೆಯುವ ಕೌಬಾಯ್ ಶೂಟಿಂಗ್ ಸ್ಪರ್ಧೆ ನೋಡಿದಾಗಿನಿಂದ ನನಗೂ ಆಡುವ ಆಸೆ ಹತ್ತಿದೆ. ಅಸಲಿ ಕೋಲ್ಟ್ ಸಿಂಗಲ್ ಆಕ್ಷನ್ (ಪ್ರತಿ ಗುಂಡಿಗೂ ಹ್ಯಾಮರ್ ಎಂಬ ಹಿಂಬದಿಯ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆಯಬೇಕಾದ) ರಿವಾಲ್ವರಿನ ಬೆಲೆ ಕೈಗೆಟುಕುವುದಿಲ್ಲ. ಇಟಲಿಯಲ್ಲಿ ತಯಾರಾದ ಪ್ರತಿಕೃತಿ ಸಾಕು ಎನ್ನುತ್ತಾರೆ ಗೆಳೆಯರು. ಉಬರ್ಟಿ, ಪಿಯೆಟ್ಟಾ, ಸಿಮರಾನ್, ಟೇಲರ್ಸ್ ಎಂದು ಹತ್ತಾರು ಹೆಸರು ಕೇಳಿ ತಲೆ ಕೆಟ್ಟಿದೆ. ಯಾವುದನ್ನು ಕೊಳ್ಳಲಿ? ತೋಟಾ .45 ಇರಲೋ .357 ಇರಲೋ (ಇವು ಇಂಚಿನಲ್ಲಿ ಗುಂಡಿನ ದಪ್ಪ)? ನಳಿಗೆ ಎಷ್ಟುದ್ದ ಇರಬೇಕು?
– ಒಬ್ಬ ಓದುಗ, ಆಸ್ಟಿನ್, ಟೆಕ್ಸಾಸ್

ಉತ್ತರ: ನೀವು ಯಾವ ವೀಸಾದಲ್ಲಿದ್ದೀರಿ ಎಂದು ಬರೆದಿಲ್ಲ, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಕೊಳ್ಳುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದಕ್ಕೂ ಅಮೆರಿಕದ ಫೆಡರಲ್ ಕಾನೂನಿನಲ್ಲಿ ನಿಷೇಧವಿದೆ. ಕೆಲವು ವಿನಾಯಿತಿಗಳಿವೆ, ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅವುಗಳಲ್ಲೊಂದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಅಂಗಡಿಯಲ್ಲಿ ತುಂಬುವ 4473 ನಮೂನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಸುಳ್ಳು ಬರೆದರೆ ಅದೇ ಒಂದು ಅಪರಾಧ. ಅನುಮಾನವಿದ್ದರೆ ವಕೀಲರನ್ನು ಕೇಳಿ ಮುಂದುವರಿಯಿರಿ. ಒಂದು ಹವ್ಯಾಸಕ್ಕಾಗಿ ಇಲ್ಲಿನ ಬದುಕನ್ನೇ ಪಣಕ್ಕೊಡ್ಡಬೇಡಿ.

ಇನ್ನು ಹೆಸರುಗಳ ಗೊಂದಲ. ತಯಾರಕರು ಇಬ್ಬರು ಎಂದಿಟ್ಟುಕೊಳ್ಳಿ. ಉಬರ್ಟಿ, ಪಿಯೆಟ್ಟಾ ಎರಡೂ ಉತ್ತರ ಇಟಲಿಯ ಬ್ರೆಷಾ ಪ್ರಾಂತದವು. ಅಲ್ಲಿನ ವಾಲ್ ಟ್ರೊಂಪಿಯಾ ಕಣಿವೆಯ ಜನ ಶತಮಾನಗಳಿಂದ ಬಂದೂಕು ಮಾಡಿಕೊಂಡೇ ಬಂದವರು. ಆಲ್ಡೊ ಉಬರ್ಟಿ 1959ರಲ್ಲಿ ಕಂಪನಿ ಶುರು ಮಾಡಿದಾಗ ಮೊದಲು ಕೈಹಾಕಿದ್ದು 1851ರ ಕೋಲ್ಟ್ ನೇವಿ ರಿವಾಲ್ವರಿನ ಪ್ರತಿಕೃತಿಗೆ. ಅಮೆರಿಕದ ಅಂತರ್ಯುದ್ಧದ ಶತಮಾನೋತ್ಸವ ಹತ್ತಿರ ಬರುತ್ತಿದ್ದ ಕಾಲವದು, ಬೇಡಿಕೆಯೂ ಕೂಡಿಬಂತು. ಸಿಮರಾನ್, ಟೇಲರ್ಸ್, ಇಎಂಎಫ್ ಇವೆಲ್ಲ ಆ ಮಾಲನ್ನು ತರಿಸಿ ಮಾರುವ ಅಮೆರಿಕದ ಕಂಪನಿಗಳು. ಹೊಳಪು, ಹಿಡಿಯ ಮರ, ಒಳಗಿನ ಸ್ಪ್ರಿಂಗುಗಳ ಹದ ಇವುಗಳಲ್ಲಿ ಒಬ್ಬೊಬ್ಬರದು ಒಂದೊಂದು ರುಚಿ, ಬೆಲೆಯೂ ಅದಕ್ಕೆ ತಕ್ಕಂತೆ. ಉಕ್ಕು ಮಾತ್ರ ಅದೇ ಕಾರ್ಖಾನೆಯದು.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಚೌಕಟ್ಟಿನ ಮೇಲೆ ಪುಟ್ಟ ಚೌಕದೊಳಗೆ ಕೊರೆದ ಎರಡು ಅಕ್ಷರ ಹುಡುಕಿ. ವಾಲ್ ಟ್ರೊಂಪಿಯಾದ ಗಾರ್ಡೊನೆ ಊರಿನ ಸರಕಾರಿ ಬಂದೂಕು ಪರೀಕ್ಷಾಲಯ ಒತ್ತಿದ ವರ್ಷದ ಗುರುತು ಅದು. 1975ಕ್ಕೆ ಎಎ, 1976ಕ್ಕೆ ಎಬಿ, ಹೀಗೆ ಸಾಗುತ್ತದೆ. ಮಾರುವವನು ಏನೇ ಹೇಳಲಿ, ವಯಸ್ಸು ಅಲ್ಲಿ ಬರೆದಿರುತ್ತದೆ.

ತೋಟಾದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಸ್ಪರ್ಧೆಗೆಂದೇ ಕೊಳ್ಳುವುದಾದರೆ .357 ತೆಗೆದುಕೊಳ್ಳಿ, ಅದರಲ್ಲಿ .38 ಸ್ಪೆಷಲ್ ಹಾರಿಸಿ, ಅಷ್ಟೇ ದಪ್ಪದ ಈ ಗಿಡ್ಡ ತೋಟಾ ಅದರಲ್ಲಿ ಕೂರುತ್ತದೆ. .38 ತೋಟಾ .45ಕ್ಕಿಂತ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಚೌಕಟ್ಟು, ಸಿಲಿಂಡರಿನ (ಆರು ತೋಟಾ ಕೋಣೆಗಳಿರುವ, ತಿರುಗುವ ಉರುಳೆ) ಹೊರ ಅಳತೆ .357, .45 ಎರಡಕ್ಕೂ ಒಂದೇ. .357ರಲ್ಲಿ ಕೊರೆದ ತೂತು ಸಣ್ಣದಾದ್ದರಿಂದ ಉಕ್ಕು ಹೆಚ್ಚು ಉಳಿಯುತ್ತದೆ, ಕೈಯಲ್ಲಿ ತೂಕ ಹೆಚ್ಚು, ಒದೆತ ಕಡಿಮೆ. ಸ್ಪರ್ಧೆಯ ನಿಯಮದಲ್ಲಿ ರಿವಾಲ್ವರಿಗೆ ಸೀಸದ ಗುಂಡೇ ಬೇಕು, ವೇಗ ಸೆಕೆಂಡಿಗೆ 1000 ಅಡಿ ದಾಟುವಂತಿಲ್ಲ. ಹಾಗಿರುವಾಗ .45ರ ಬಲ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ರಿವಾಲ್ವರು ಎರಡು ಬೇಕಾಗುತ್ತವೆ, ಜೊತೆಗೆ ಲಿವರ್ ರೈಫಲ್ಲು (ಸನ್ನೆ ಎಳೆದು ತೋಟಾ ಏರಿಸುವಂಥದ್ದು), ಶಾಟ್‌ಗನ್ನು. ರೈಫಲ್ಲನ್ನೂ ಅದೇ ತೋಟಾದಲ್ಲಿ ಕೊಂಡರೆ ಒಂದೇ ಡಬ್ಬಿಯಿಂದ ಮೂರಕ್ಕೂ ತುಂಬಬಹುದು. ಹಳೆಯ ಕಾಲದ ಕೌಬಾಯ್‌ಗಳೂ ಇದನ್ನೇ ಮಾಡಿದ್ದು: ವಿಂಚೆಸ್ಟರ್ 1873 ರೈಫಲ್ಲಿನ .44-40 ತೋಟಾಕ್ಕೇ ಕೋಲ್ಟ್ ಕಂಪನಿ ರಿವಾಲ್ವರ್ ಮಾಡಿಕೊಟ್ಟಿತ್ತು. ಹೊಗೆಯುಗುಳುವ ಕರಿಮದ್ದು (ಹಳೆಯ ಕಾಲದ ಸಿಡಿಮದ್ದು) ಹಾರಿಸುವ ಆಸೆ ನಿಮಗಿದ್ದರೆ ಮಾತ್ರ .45 ಕೋಲ್ಟ್ ಸರಿ. ಆ ಉದ್ದದ ತೋಟಾ ಹುಟ್ಟಿದ್ದೇ ಕರಿಮದ್ದಿಗೆ.

ನಳಿಗೆ 4¾, 5½, 7½ ಇಂಚಿನಲ್ಲಿ ಬರುತ್ತದೆ. 7½ ಅಶ್ವದಳದ ಅಳತೆ, ನೋಡಲು ಚಂದ, ಒರೆಯಿಂದ ತೆಗೆಯುವಾಗ ನಿಧಾನ. ಮಿಕ್ಕೆರಡರಲ್ಲಿ ಯಾವುದಾದರೂ ಆದೀತು.

ಹಿಡಿಯ ಬಗ್ಗೆ ಮಾತ್ರ ಅವಸರ ಬೇಡ. ಈ ರಿವಾಲ್ವರಿನ ಹಿಡಿ ಗಿಡ್ಡ, ಕಿರುಬೆರಳಿಗೆ ಜಾಗವಿರುವುದಿಲ್ಲ. ಅದನ್ನು ಹಿಡಿಯ ತಳಕ್ಕೆ ಮಡಿಚಿಟ್ಟು ನೋಡಿ. ಗುಂಡು ಹಾರಿದಾಗ ಹಿಡಿ ಅಂಗೈಯಲ್ಲಿ ಉರುಳಿ ಹ್ಯಾಮರ್ ತಾನಾಗಿ ಹೆಬ್ಬೆರಳಿನ ಹತ್ತಿರ ಬರುತ್ತದೆ, ಮುಂದಿನ ಗುಂಡಿಗೆ ಅಲ್ಲಿಂದಲೇ ಎಳೆಯಬಹುದು. ದೊಡ್ಡ ಕೈಯವರಿಗೆ ಇದು ಇರುಕಾಗುತ್ತದೆ, ಅವರಿಗೆಂದು 1860ರ ಆರ್ಮಿ ಮಾದರಿಯ ಉದ್ದ ಹಿಡಿ ಹಾಕಿದ್ದೂ ಸಿಗುತ್ತದೆ. ಫೋಟೋ ನೋಡಿ ಇದನ್ನು ತೀರ್ಮಾನಿಸಲಾಗದು.

ಅಂಗಡಿಯಲ್ಲಿ ಏನು ನೋಡಬೇಕು? ಬಣ್ಣ ಆಮೇಲೆ. ತೋಟಾ ಇಲ್ಲವೆಂದು ನೀವೇ ಕಣ್ಣಾರೆ ಖಾತ್ರಿ ಮಾಡಿಕೊಂಡು, ಅಂಗಡಿಯವರ ಒಪ್ಪಿಗೆ ಕೇಳಿ, ಹ್ಯಾಮರನ್ನು ನಿಧಾನವಾಗಿ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದಕ್ಕೆ ಬರುವಷ್ಟರಲ್ಲಿ ಸಿಲಿಂಡರು ಟಕ್ಕೆಂದು ಬೀಗ ಹಾಕಿಕೊಂಡಿರಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಬೆರಳಿನಿಂದ ತಳ್ಳಿ ಕೂರಿಸಬೇಕಾಗಿ ಬಂದರೆ ಆ ರಿವಾಲ್ವರು ಬೇಡ. ಆರೂ ಕೋಣೆಗಳಿಗೆ ಹೀಗೆ ಮಾಡಿ. ಐದು ಸರಿಯಿದ್ದು ಆರನೆಯದು ಕೈಕೊಡುವುದುಂಟು. ಸಿಲಿಂಡರಿನ ಮುಖಕ್ಕೂ ನಳಿಗೆಯ ಹಿಂಬದಿಗೂ ನಡುವಿನ ಸಂದು ಒಂದು ಇಂಚಿನ ಸಾವಿರದಲ್ಲಿ ನಾಲ್ಕರಿಂದ ಎಂಟು ಭಾಗದೊಳಗಿದ್ದರೆ ಒಳ್ಳೆಯದು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಜೇಬಿನಲ್ಲಿಟ್ಟುಕೊಂಡು ಹೋಗಿ. ಬಳಸಿದ ರಿವಾಲ್ವರಾದರೆ ಸಿಲಿಂಡರಿನ ಸುತ್ತ ಉಂಗುರದಂಥ ಗೀರು ಇದೆಯೇ ನೋಡಿ. ಹಾಫ್ ಕಾಕ್‌ನಿಂದ (ಅರ್ಧ ಎಳೆದು ನಿಲ್ಲಿಸಿದ ಸ್ಥಿತಿ) ಹ್ಯಾಮರನ್ನು ನೇರ ಕೆಳಗಿಳಿಸುವ ದುರಭ್ಯಾಸದವರ ಕೈಯಲ್ಲಿದ್ದರೆ ಆ ಗೀರು ಆಳವಾಗಿ ಬಿದ್ದಿರುತ್ತದೆ. ಪೂರ್ತಿ ಎಳೆದೇ ಇಳಿಸಬೇಕು.

ಉಬರ್ಟಿಯ ಕೋಲ್ಟ್ ಪ್ರತಿಕೃತಿಯಾದ ಹೊಸ ಕ್ಯಾಟಲ್‌ಮ್ಯಾನ್‌ನಲ್ಲಿ ಟ್ರಿಗರ್ ಒತ್ತಿದಾಗ ಮಾತ್ರ ತೋಟಾಕ್ಕೆ ಬಡಿಯುವ ಸೂಜಿ ಹೊರಚಾಚುವ ಏರ್ಪಾಡಿದೆ. ಒಳ್ಳೆಯ ಸುಧಾರಣೆ. ಹಾಗೆಂದು ಆರು ತೋಟಾ ತುಂಬಬೇಡಿ. ಒಂದು ತುಂಬಿ, ಒಂದು ಬಿಟ್ಟು, ನಾಲ್ಕು ತುಂಬಿ, ಹ್ಯಾಮರ್ ಪೂರ್ತಿ ಎಳೆದು ಮೆಲ್ಲನೆ ಇಳಿಸಿ. ಅದು ಖಾಲಿ ಕೋಣೆಯ ಮೇಲೇ ಕೂರುತ್ತದೆ. ಹಳೆಯ ಮಾದರಿಯಲ್ಲಿ ಕೆಳಗೆ ಬಿದ್ದ ರಿವಾಲ್ವರು ತಾನೇ ಹಾರಿ ಜನ ಸತ್ತಿದ್ದಾರೆ. ಸ್ಪರ್ಧೆಯಲ್ಲೂ ಐದೇ ಗುಂಡು.

ಮನೆಗೆ ತಂದ ಮೇಲೆ ಗುಂಡು ಗುರಿಗಿಂತ ಕೆಳಗೆ ಬಿದ್ದರೆ ಗಾಬರಿ ಬೇಡ. ನಳಿಗೆಯ ತುದಿಯಲ್ಲಿರುವ ಗುರಿಕಂಬವನ್ನು ಎಷ್ಟೋ ಸಲ ಬೇಕೆಂತಲೇ ಎತ್ತರ ಬಿಟ್ಟಿರುತ್ತಾರೆ. ನೀವು ಸದಾ ಹಾರಿಸುವ ತೋಟಾದಿಂದಲೇ ಪರೀಕ್ಷಿಸಿ, ಅರದಿಂದ ಆ ಕಂಬವನ್ನು ಒಂದೆರಡು ಸಲ ಉಜ್ಜಿ, ಮತ್ತೆ ಹಾರಿಸಿ ನೋಡಿ. ಉಜ್ಜಿದಷ್ಟೂ ಗುಂಡು ಮೇಲಕ್ಕೇರುತ್ತದೆ. ಹೆಚ್ಚು ಉಜ್ಜಿದರೆ ಮತ್ತೆ ಅಂಟಿಸಲಾಗುವುದಿಲ್ಲ.

ಉಬರ್ಟಿಯೋ ಪಿಯೆಟ್ಟಾವೋ ಎಂದರೆ, ಎರಡನ್ನೂ ನಂಬಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಈ ಪರೀಕ್ಷೆ ಮಾಡಿ, ಪಾಸಾದವುಗಳಲ್ಲಿ ಕೈಗೆ ಕೂರುವುದನ್ನು ತನ್ನಿ.

ಪ್ರಶ್ನೆ: ಹಿತ್ತಾಳೆ ಚೌಕಟ್ಟಿನ .44 ನೇವಿ ರಿವಾಲ್ವರ್, ಮದ್ದು-ಗುಂಡು ಬೇರೆಬೇರೆ ತುಂಬುವಂಥದ್ದು, ತುಂಬಾ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?
– ಇನ್ನೊಬ್ಬ ಓದುಗ, ಓಹಾಯೊ

ಉತ್ತರ: ಗೋಡೆಗೆ ತೂಗುಹಾಕಲು ಕೊಳ್ಳಿ. ಹಾರಿಸುವುದಕ್ಕಾದರೆ ಇನ್ನಷ್ಟು ದುಡ್ಡು ಕೂಡಿಸಿ ಉಕ್ಕಿನ ಚೌಕಟ್ಟಿನದನ್ನೇ ತನ್ನಿ. 1851ರ ಅಸಲಿ ನೇವಿ .36ರದ್ದು, .44 ನೇವಿ ಎಂಬುದು ಈಗಿನ ಕಾಲದ ಸೃಷ್ಟಿ. ಹಿತ್ತಾಳೆ ಮೆದು. ಮದ್ದು ಜೋರಾಗಿ ತುಂಬಿ ಹಾರಿಸುತ್ತ ಹೋದರೆ ಸಿಲಿಂಡರಿನ ಹಿಂಬದಿಯ ಅಚ್ಚು ಚೌಕಟ್ಟಿನ ಮೇಲೆ ಮೂಡುತ್ತದೆ, ಸಿಲಿಂಡರು ತಿರುಗುವ ನಡುವಿನ ಗೂಟ ಸಡಿಲವಾಗುತ್ತದೆ. 1858ರ ರೆಮಿಂಗ್ಟನ್ ಪ್ರತಿಕೃತಿಗೆ ಸಿಲಿಂಡರಿನ ಮೇಲೂ ಉಕ್ಕಿನ ಪಟ್ಟಿಯಿದೆ, ಗಟ್ಟಿ. ಮದ್ದು-ಗುಂಡು ಬೇರೆಬೇರೆ ತುಂಬುವ ಇಂಥವು 1968ರ ಫೆಡರಲ್ ಕಾಯ್ದೆಯಲ್ಲಿ ಬಂದೂಕಿನ ಲೆಕ್ಕಕ್ಕೆ ಬರುವುದಿಲ್ಲ, ರಾಜ್ಯದ ಕಾನೂನು ಬೇರೆ ಇರಬಹುದು, ವಿಚಾರಿಸಿಕೊಳ್ಳಿ. ಕರಿಮದ್ದು ಅಥವಾ ಅದರ ಬದಲಿಗೆಂದೇ ಮಾರುವ ಮದ್ದು ಬಿಟ್ಟು ಬೇರೇನೂ ತುಂಬಬೇಡಿ. ಹೊಗೆರಹಿತ ಮದ್ದು ತುಂಬಿದರೆ ಸಿಲಿಂಡರು ಸಿಡಿಯುತ್ತದೆ. ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿಡಿ. ಮರುದಿನಕ್ಕೆ ಬಿಟ್ಟರೆ ತುಕ್ಕು ಶುರುವಾಗಿರುತ್ತದೆ.