ಪ್ರತಿ: ಹೈಪರ್‌ರೆಫ್ ಆಪ್ಶನ್‌ನಲ್ಲಿ ಮ್ಯಾಕ್ರೋ ಹಾಕಿದ್ರೆ ಎರರ್ ಬರ್ತದೆ

ಮಾರಾಯ್ರೆ, ಶಿರಸಿ ಯಕ್ಷಗಾನ ಸಂಘದ ಸ್ಮರಣ ಸಂಚಿಕೆಗೆ ಶೀರ್ಷಿಕೆನ ಲೇಟೆಕ್‌ನಲ್ಲಿ (ಪುಟ ಜೋಡಿಸೋ ಸಾಫ್ಟ್‌ವೇರ್) ಒಂದು ಮ್ಯಾಕ್ರೋದಲ್ಲಿ, ಅಂದ್ರೆ ಬರಹಕ್ಕೆ ಕೊಟ್ಟ ಅಡ್ಡಹೆಸರಿನಲ್ಲಿ, ಇಟ್ಟು, ಅದನ್ನೇ ಹೈಪರ್‌ರೆಫ್ (ಪಿಡಿಎಫ್‌ಗೆ ಕೊಂಡಿ, ಶೀರ್ಷಿಕೆ ಸೇರಿಸೋ ಪ್ಯಾಕೇಜ್) ಲೋಡ್ ಮಾಡೋ ಯೂಸ್‌ಪ್ಯಾಕೇಜ್‌ನ ಚೌಕ ಬ್ರಾಕೆಟ್ ಒಳಗೆ ಪಿಡಿಎಫ್‌ಟೈಟಲ್‌ಗೆ ಕೊಟ್ಟಿದ್ದೀರಿ, ಅಲ್ದಾ? ತೊಂದ್ರೆ ಹೈಪರ್‌ರೆಫ್‌ದಲ್ಲ. ಲೇಟೆಕ್ ಹಳೆ ಆವೃತ್ತಿ ಆದ್ರೆ ಪ್ಯಾಕೇಜ್ ಲೋಡ್ ಆಗೋ ಹೊತ್ತಿಗೇ ಆಪ್ಶನ್ ಪಟ್ಟಿನ ಎಕ್ಸ್‌ಡೆಫ್ ಅನ್ನೋ ಕಮಾಂಡ್ ಹಾಕಿ ಪೂರ್ತಿ ಬಿಚ್ಚಿಬಿಡ್ತದೆ, ಅಂದ್ರೆ ಮ್ಯಾಕ್ರೋ ಜಾಗದಲ್ಲಿ ಅದರ ಒಳಗಿನದ್ದನ್ನ ತಂದಿಡ್ತದೆ, ಬರೀ ಅಕ್ಷರ ಇದ್ರೆ ಏನೂ ಆಗೂದಿಲ್ಲ, ನಿಮ್ಮ ಶೀರ್ಷಿಕೆ ಒಳಗೆ ಟೆಕ್ಸ್ಟ್‌ಬಿಎಫ್ (ದಪ್ಪ ಅಕ್ಷರದ ಕಮಾಂಡ್) ಇದೆ ನೋಡಿ, ಅದು ಅಲ್ಲೇ ಒಡೆದು ಚೂರಾಗಿ ಸಂಬಂಧವೇ ಇಲ್ಲದ ಎರರ್ ತೋರಿಸ್ತದೆ. ಬ್ರೇಸ್ ಹಾಕದೆ ಬಿಟ್ಟ ಸ್ಪೇಸೂ ಅಲ್ಲೇ ಮಾಯ. ಹೈಪರ್‌ರೆಫ್ ಮ್ಯಾನುಯಲ್‌ನಲ್ಲೂ ಇಂಥದ್ದನ್ನ ಹೈಪರ್‌ಸೆಟಪ್ ಅನ್ನೋ ಅದರದ್ದೇ ಕಮಾಂಡ್‌ನಲ್ಲಿ ಕೊಡಿ ಅಂತನೇ ಇದೆ.

ಹಾಗಾಗಿ ಪ್ಯಾಕೇಜ್‌ನ ಖಾಲಿ ಲೋಡ್ ಮಾಡಿ, ಕೆಳಗೆ ಹೈಪರ್‌ಸೆಟಪ್ ಒಳಗೆ ಪಿಡಿಎಫ್‌ಟೈಟಲ್ ಈಕ್ವಲ್ ಅಂತ ಹಾಕಿ ಬ್ರೇಸ್ ಒಳಗೆ ಮ್ಯಾಕ್ರೋ ಇಡಿ.

ಎರಡನೇ ಪ್ರಶ್ನೆ, ಇಡೀ ಆಪ್ಶನ್ ಪಟ್ಟಿನೇ ಒಂದು ಮ್ಯಾಕ್ರೋದಲ್ಲಿಟ್ಟು ಹೈಪರ್‌ಸೆಟಪ್‌ಗೆ ಕೊಟ್ರೆ ಯಾಕೆ ಆಗೂದಿಲ್ಲ ಅಂತ ಕೇಳಿದ್ರಲ್ಲ, ಇದು ಮೊದಲಿನದ್ದಕ್ಕೆ ಉಲ್ಟಾ: ಇಲ್ಲಿ ಯಾರೂ ಬಿಚ್ಚೂದೇ ಇಲ್ಲ. ಕೀ (ಆಪ್ಶನ್ ಹೆಸರು) ಹುಡುಕೋ ಕೋಡು ಕಣ್ಣಿಗೆ ಕಾಣೋ ಕಾಮಾ, ಈಕ್ವಲ್ ಚಿಹ್ನೆ ಮಾತ್ರ ನೋಡ್ತದೆ, ಕಟ್ಟಿದ ಕೊಟ್ಟೆ ಬಿಚ್ಚದೆ ಒಳಗೆ ಏನಿದೆ ಗೊತ್ತಾಗ್ಬೇಕು ಅಂದ್ರೆ ಹ್ಯಾಂಗೆ? ಅದಕ್ಕೇ ಹೈಪರ್‌ಸೆಟಪ್‌ನ ಹಿಂದೆ ಒಂದು ಎಕ್ಸ್‌ಪ್ಯಾಂಡ್‌ಆಫ್ಟರ್ (ಮುಂದಿನದ್ದನ್ನ ಮೊದಲು ಬಿಚ್ಚಿಸೋ ಕಮಾಂಡ್), ಮುಂದೆ ತೆರೆಯೋ ಬ್ರೇಸ್‌ಗಿಂತ ಮೊದಲು ಇನ್ನೊಂದು ಹಾಕಿ. ಒಂದೇ ಸಲ ಬಿಚ್ಚಿಕೊಳ್ತದೆ, ಒಳಗಿನ ಫಾಂಟ್ ಕಮಾಂಡ್ ಹಾಗೇ ಉಳೀತದೆ. ಇಡೆಫ್ (ಎಕ್ಸ್‌ಡೆಫ್ ಹಾಗೇ ಪೂರ್ತಿ ಬಿಚ್ಚೋದು) ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಮತ್ತೆ ಮೊದಲಿನ ಹೊಂಡಕ್ಕೇ ಬೀಳ್ತೀರಿ.

ಚಿತ್ರ ಬಿಡಿಸೋ ಪ್ಯಾಕೇಜ್ ಟಿಕ್‌ಝಡ್‌ನಲ್ಲೂ ಇದೇ ಕಥೆ ಬಂದ್ರೆ ಕೀ ಹೆಸರಿನ ಬಾಲಕ್ಕೆ ಸ್ಲ್ಯಾಶ್ ಡಾಟ್ ಎಕ್ಸ್‌ಪ್ಯಾಂಡ್ ಒನ್ಸ್ ಸೇರಿಸಿ. ಇಷ್ಟಾದ್ಮೇಲೂ ಎರರ್ ಇದ್ರೆ ಲಾಗ್ ಹಾಕಿ.