ಮುತ್ಯಾ ಆ ವರ್ಷ ಯಾಕೆ ಹೋಗಲಿಲ್ಲ?

ಪ್ರೀತಿಯ ತಂಗಿಗೆ ನಮಸ್ಕಾರ.

ನಮ್ಮ ಪತ್ರಿಕೆಯ ಯುಗಾದಿ ಸಂಚಿಕೆಗೆ ನೀವು ಕಳಿಸಿದ ‘ನನ್ನ ಮುತ್ಯಾ’ ಓದಿದೆ, ವರ್ಷಾ ವರ್ಷಾ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದ ನಿಮ್ಮ ಅಜ್ಜನ ಬಗ್ಗೆ ಬರೆದದ್ದು. ಭಾಷೆ ಚೊಕ್ಕವಾಗಿದೆ, ಕಾಗುಣಿತ ಸರಿಯಿದೆ, ಮುತ್ಯಾನ ಮೇಲಿನ ಪ್ರೀತಿ ಎದ್ದು ಕಾಣುತ್ತದೆ. ಆದರೆ ಇದ್ದ ಹಾಗೆಯೇ ಅಚ್ಚು ಹಾಕಲು ಆಗುವುದಿಲ್ಲ. ಬೇರೆ ಲೇಖನವಾಗಿದ್ದರೆ ಎರಡು ಸಾಲು ಬರೆದು ವಾಪಸ್ ಕಳಿಸಿಬಿಡುತ್ತಿದ್ದೆ. ನಿಮ್ಮ ಮೂರನೇ ಪುಟದ ಮೂರು ವಾಕ್ಯ ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ನೀವು ಬರೆದದ್ದು ಹೀಗಿದೆ: “ದೊಡ್ಡತ್ತೆ ತೀರಿಕೊಂಡ ವರ್ಷ ಮುತ್ಯಾ ಶ್ರೀಶೈಲಕ್ಕೆ ಹೋಗಲಿಲ್ಲ. ಆದರೂ ಅವರ ಭಕ್ತಿ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಮರುವರ್ಷ ಎಂದಿನಂತೆ ಸೀರೆ ತೆಗೆದುಕೊಂಡು ಹೊರಟರು.”

ಮೊದಲ ವಾಕ್ಯ ಓದಿ ನಾನು ಎದ್ದು ಕೂತೆ. ಮೊದಲ ಪುಟದಲ್ಲಿ ನೀವೇ ಹೇಳಿದ್ದೀರಿ, ಮುತ್ಯಾ ಒಂದು ದಿನವೂ ಇಷ್ಟಲಿಂಗ ಪೂಜೆ ತಪ್ಪಿಸಿದವರಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎನ್ನುವ ಮಾತು ನಿಮ್ಮ ವಿಜಯಪುರದ ಕಡೆ ಹುಡುಗರಿಗೂ ಗೊತ್ತು. ಅಂದಮೇಲೆ ಅವರು ಸೂತಕಕ್ಕೆ ಹೆದರಿ ಉಳಿದವರಲ್ಲ. ಮೈ ಹುಷಾರಿರಲಿಲ್ಲ ಅಂತಲೂ ನೀವು ಬರೆದಿಲ್ಲ. ಮತ್ಯಾಕೆ ಉಳಿದರು?

ಎರಡನೇ ಪುಟದಲ್ಲಿ ನೀವೇ ಕೊಟ್ಟ ಇನ್ನೊಂದು ವಿಷಯ ಇದರ ಪಕ್ಕಕ್ಕಿಟ್ಟು ನೋಡಿ. ನಮ್ಮ ಕಡೆಯವರಿಗೆ ಶ್ರೀಶೈಲದ ದೇವಿ ಭ್ರಮರಾಂಬೆ ಮನೆಮಗಳು, ಅವಳ ಗಂಡ ಮಲ್ಲಯ್ಯ ಅಳಿಯ. ಅದಕ್ಕೇ ಯುಗಾದಿಗೆ ತವರಿನ ಸೀರೆ, ಕುಪ್ಪಸ, ಉಡಿ ತುಂಬುವ ಸಾಮಾನು ಹೊತ್ತುಕೊಂಡು ನಡೆಯುತ್ತಾರೆ. ಹಡೆದ ಮಗಳನ್ನು, ನಿಮ್ಮ ದೊಡ್ಡತ್ತೆಯನ್ನು, ಮಣ್ಣು ಮಾಡಿದ ವರ್ಷ ಆ ತಂದೆ ಇನ್ನೊಬ್ಬ ಮಗಳಿಗೆ ಸೀರೆ ಒಯ್ಯಲಿಲ್ಲ. ಸಿಟ್ಟಿಗೋ, ಸಂಕಟಕ್ಕೋ, ಹೆಂಡತಿಯನ್ನು ಒಂಟಿ ಬಿಡಲಾರದೆಯೋ, ನನಗೆ ಗೊತ್ತಿಲ್ಲ. ಹೇಳಬೇಕಾದವರು ನೀವು. ನೀವು ಅಲ್ಲಿ ಒಂದು ಗಳಿಗೆಯೂ ನಿಲ್ಲದೆ ಮುಂದೆ ಓಡಿದ್ದೀರಿ.

ಇನ್ನು ಎರಡನೇ ವಾಕ್ಯ. ನನಗೆ ನಿಜಕ್ಕೂ ಬೇಜಾರಾಗಿದ್ದು ಇದರಿಂದ. ಭಕ್ತಿ ಕಡಿಮೆಯಾಯಿತು ಅಂತ ಯಾರು ಅಂದಿದ್ದರು? ಯಾರೂ ದೂರದಿದ್ದರೂ ನೀವು ಮುತ್ಯಾನ ಪರ ವಕಾಲತ್ತಿಗೆ ನಿಂತಿದ್ದೀರಿ. ಅವರ ನಂಬಿಕೆಗೆ ಒಂದು ಗೀರೂ ಬೀಳಬಾರದು ಅನ್ನುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆ ವರ್ಷ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ಅವರು ಎಷ್ಟು ಹೊತ್ತು ಕೂತರು, ಪೂಜೆ ಬೇಗ ಮುಗಿಸಿದರಾ, ಬಾಯಲ್ಲಿ ವಚನ ಬಂತಾ, ಅದನ್ನು ಬರೆದಿದ್ದರೆ ಭಕ್ತಿ ಎಷ್ಟಿತ್ತು ಅಂತ ನೀವು ಅಳೆದು ಹೇಳಬೇಕಾಗಿರಲಿಲ್ಲ. ಈ ವಾಕ್ಯ ಹೊಡೆದುಹಾಕಿ.

ಮೂರನೆಯದು: “ಎಂದಿನಂತೆ ಸೀರೆ ತೆಗೆದುಕೊಂಡು.” ಎಂದಿನಂತೆ ಹೇಗಾದೀತು ತಂಗಿ? ಆ ಸಲ ಸೀರೆ ಆರಿಸಿದವರು ಯಾರು? ಪ್ರತಿ ವರ್ಷ ದೊಡ್ಡತ್ತೆಯೇ ಜೊತೆಗೆ ಹೋಗಿ ಇಳಕಲ್ ಸೀರೆ ಕೊಡಿಸುತ್ತಿದ್ದರು ಅಂತ ನೀವೇ ಬರೆದಿದ್ದೀರಲ್ಲ! ಅಂಗಡಿಯವನು ಟೋಪಿ ತೆನಿ ಸೆರಗು ಬಿಡಿಸಿ ಮುಂದೆ ಹರವಿದಾಗ ಮುತ್ಯಾ ಒಬ್ಬರೇ ಇದ್ದರಾ? ಯಾವ ಬಣ್ಣ ತಂದರು? ನಿಮ್ಮ ಲೇಖನ ಇಡೀ ಇರುವುದು ಆ ಅಂಗಡಿಯ ಗಾದಿಯ ಮೇಲೆ.

ಬದಲಿಗೆ ನೀವು ಒಂದು ಪುಟ ತುಂಬಾ ಶ್ರೀಶೈಲ 12 ಜ್ಯೋತಿರ್ಲಿಂಗಗಳಲ್ಲಿ ಒಂದು, 18 ಶಕ್ತಿಪೀಠಗಳಲ್ಲಿ ಒಂದು, 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಅಲ್ಲಿಗೆ ಹೋದಳು ಅಂತ ಬರೆದಿದ್ದೀರಿ. ಇದು ನಮ್ಮ ಓದುಗರಿಗೆ ಗೊತ್ತು. ಮುತ್ಯಾ ನಡೆದದ್ದಕ್ಕೆ ಮಾತ್ರ ಒಂದೇ ಸಾಲು. ರಾಯಚೂರು, ಕರ್ನೂಲು ದಾಟಿ, ಆತ್ಮಕೂರಿನ ಆಚೆ ವೆಂಕಟಾಪುರದಲ್ಲಿ ನಲ್ಲಮಲ ಕಾಡು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಳನು, ಕೈಲಾಸ ದ್ವಾರ, ಅದೂ ಮಾರ್ಚ್ ಬಿಸಿಲಲ್ಲಿ. ಇಷ್ಟು ದಾರಿ ನಡೆದ ಕಾಲಿಗೆ ಒಂದು ಸಾಲು ಸಾಕಾ?

ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ. ಊರಿನ ಹಿರಿಯರು ತೀರಿಕೊಂಡಾಗ ನಾಲ್ಕು ಸಾಲು ಬರೆಯುವ ಕೆಲಸ ಹೊಸಬರದು. ಅಲ್ಲಿದ್ದ ಹಿರಿಯ ಉಪಸಂಪಾದಕರೊಬ್ಬರು ನಮ್ಮನ್ನು ಕಚೇರಿಯಲ್ಲಿ ಕೂರಲು ಬಿಡುತ್ತಿರಲಿಲ್ಲ. “ಮನೆಗೆ ಹೋಗು, ಪಡಸಾಲ್ಯಾಗಿನ ಮಾತು ಬಿಡು, ಅಡಗಿ ಮನಿ ಮಾತು ಕೇಳ್ಕೊಂಡು ಬಾ” ಅನ್ನುತ್ತಿದ್ದರು. ಒಮ್ಮೆ ಕಿರಾಣಿ ಅಂಗಡಿ ನಡೆಸುತ್ತಿದ್ದ ಒಬ್ಬ ಮುದುಕರ ಮನೆಗೆ ಹೋದೆ. ಮಗ ಪಡಸಾಲೆಯಲ್ಲಿ ಕೂತು ತಂದೆ ಶಿಸ್ತಿನ ಮನುಷ್ಯ, ದೈವಭಕ್ತ, ದಾನಿ ಅಂತ ಬರೆಸಿದ. ಏಳುವಾಗ ಒಳಗಿನ ಬಾಗಿಲ ಹತ್ತಿರ ಕೂತಿದ್ದ ಅಜ್ಜಿ ಅಂದರು: “ಪೂಜಿ ಆಗೂತನಕ ಹನಿ ನೀರು ಬಾಯಾಗ ಹಾಕ್ತಿರಲಿಲ್ಲರಿ. ನನಗ ಜ್ವರ ಬಂದ್ರ ಮಾತ್ರ ಮೊದಲ ನನಗ ಚಾ ಕಾಸಿ ಕೊಟ್ಟು ಆಮ್ಯಾಲ ಜಳಕಕ್ಕ ಹೋಗ್ತಿದ್ರು.” ಹಿರಿಯರು ಮಗ ಹೇಳಿದ್ದನ್ನೆಲ್ಲ ಹೊಡೆದುಹಾಕಿ ಆ ಎರಡು ಮಾತನ್ನೇ ಮೇಲಕ್ಕೆ ತಂದರು. ಆ ಮನುಷ್ಯನ ದೇವರು, ಸಂಸಾರ ಎರಡೂ ಅದರಲ್ಲಿ ಬಂದುಬಿಟ್ಟಿತ್ತು. ಇವತ್ತಿಗೂ ನಾನು ಯಾವ ಲೇಖನ ಕೈಗೆತ್ತಿಕೊಂಡರೂ ಅಂಥ ಮಾತು ಎಲ್ಲಿದೆ ಅಂತ ಹುಡುಕುತ್ತೇನೆ.

ನಿಮ್ಮ ಮನೆಯಲ್ಲೂ ಅಜ್ಜಿ ಇದ್ದಾರೆ. ಆದರೆ ಲೇಖನದಲ್ಲಿ ಅವರಿಗೆ ಕೊಟ್ಟ ಕೆಲಸ “ನಗುನಗುತ್ತಾ ಬುತ್ತಿ ಕಟ್ಟಿ ಕಳಿಸಿಕೊಡುವುದು” ಮಾತ್ರ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದರು, ಸರಿ. ಯುಗಾದಿ ಹೊತ್ತಿಗೆ ನಿಮ್ಮ ಕಡೆ ಬಿಳಿಜೋಳದ ಸುಗ್ಗಿ. ಮನೆ ಯಜಮಾನ ಕಂಬಿ ಹೊತ್ತ ಪಾದಯಾತ್ರೆಯವರ ಜೊತೆ ಹೊರಟರೆ ರಾಶಿ ಮಾಡಿಸಿದವರು ಯಾರು? ಆಳುಗಳಿಗೆ ಕೂಲಿ ಲೆಕ್ಕ ಹಾಕಿ ಕೊಟ್ಟವರು ಯಾರು? ವರ್ಷಾ ವರ್ಷಾ ಅವರು ನಗುತ್ತಲೇ ಕಳಿಸಿದರು ಅಂದರೆ ನಾನು ನಂಬುವುದಿಲ್ಲ. ಒಂದು ವರ್ಷವಾದರೂ ಜಗಳವಾಗಿರಬೇಕು. ಮುತ್ಯಾ ನಡೆದ ದಾರಿಯ ಅರ್ಧ ಭಾರ ಹೊಲದಲ್ಲಿ ನಿಂತು ಹೊತ್ತವರು ಅವರು. ಅವರನ್ನು ಬುತ್ತಿ ಗಂಟಿನ ಹಿಂದೆ ನಿಲ್ಲಿಸಬೇಡಿ.

ಶೈಲಿ, ಆರಂಭ, ಮುಕ್ತಾಯ ಇವುಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೊದಲು ಅಜ್ಜಿ ಹತ್ತಿರ ಹೋಗಿ ಕೂತುಕೊಳ್ಳಿ. ದೊಡ್ಡತ್ತೆ ಹೋದ ವರ್ಷದ ಬಗ್ಗೆ ಕೇಳಿ. ತಕ್ಷಣ ಹೇಳದಿದ್ದರೆ ಒತ್ತಾಯ ಮಾಡಬೇಡಿ, ಸೀರೆ ಬಗ್ಗೆ ಕೇಳಿ. ಮುತ್ಯಾನ ಜೊತೆ ನಡೆದವರು ಊರಲ್ಲಿ ಇನ್ನೂ ಇದ್ದರೆ ಅವರನ್ನೂ ಕಾಣಿ. ಮರುವರ್ಷ ಕಾಡಿನಲ್ಲಿ ಮುತ್ಯಾ ಏನು ಮಾತಾಡಿದರು, ಅಥವಾ ಮಾತೇ ಆಡಲಿಲ್ಲವೋ, ಅವರಿಗೆ ನೆನಪಿರುತ್ತದೆ. ಅಜ್ಜಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದದೆ ಅವರು ಆಡಿದ ಹಾಗೇ ಬರೆಯಿರಿ.

ಯುಗಾದಿ ಸಂಚಿಕೆಗೆ ಮುಗಿಯದಿದ್ದರೆ ಚಿಂತೆಯಿಲ್ಲ. ಎಷ್ಟು ಪುಟವಾದರೂ ಆಗಲಿ, ಬರೆದ ಮೇಲೆ ನನ್ನ ಹೆಸರಿಗೇ ಕಳಿಸಿ.