ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮನೆಯವರಿಗೆ ಆರೈಕೆ ಕಲಿಸಲು ನಮ್ಮ ಟ್ರಸ್ಟ್ ವರ್ಷಕ್ಕೆ 10 ಲಕ್ಷ ಕೊಡಬಲ್ಲದು. ಎರಡು ಟಿವಿ, 5,000 ಪುಸ್ತಿಕೆ ಅಂದುಕೊಂಡಿದ್ದೇವೆ. ಸರಿಯೇ?

ಟಿವಿ ಬೇಡ. ಎರಡನೇ ತಿಂಗಳಿಗೆ ಅದರಲ್ಲಿ ಧಾರಾವಾಹಿ ಓಡುತ್ತಿರುತ್ತದೆ, ಪುಸ್ತಿಕೆ ಊಟದ ಡಬ್ಬಿಯ ಅಡಿಗೆ ಹೋಗಿರುತ್ತದೆ. ನನ್ನ ಲೆಕ್ಕದಲ್ಲಿ 10 ಲಕ್ಷ ರೂಪಾಯಿಯಲ್ಲಿ 6–7 ಲಕ್ಷ ರೂಪಾಯಿ ಕಲಿಸುವವರ ವೇತನಕ್ಕೇ ಹೋಗಬೇಕು.

ವಾರ್ಡಿನ ಸಿಸ್ಟರ್‌ಗಳಿಗೆ ಈಗಿರುವ ಕೆಲಸವೇ ಮುಗಿಯುವುದಿಲ್ಲ. 'ದಿನಾ ಒಂದು ತರಗತಿ ಮಾಡಿ' ಎಂದರೆ ರಿಜಿಸ್ಟರ್ ತುಂಬುತ್ತದೆ, ತರಗತಿ ನಡೆಯುವುದಿಲ್ಲ. ಆದ್ದರಿಂದ ಇದಕ್ಕೆಂದೇ ಒಬ್ಬ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದ ನರ್ಸನ್ನು ನೇಮಿಸಿ. ಹಾಗಂತ ಅವರೊಬ್ಬರೇ ಕಲಿಸಿದರೆ ನಿಮ್ಮ ಹಣ ನಿಂತ ದಿನ ಕೆಲಸವೂ ನಿಲ್ಲುತ್ತದೆ. ವಾರ್ಡಿನ ಮೂವರು ಸಿಸ್ಟರ್‌ಗಳಿಗಾದರೂ ಕಲಿಸುವುದನ್ನು ಕಲಿಸಿ, ವರ್ಗಾವಣೆ ಇದ್ದದ್ದೇ, ಆರು ತಿಂಗಳಿಗೊಮ್ಮೆ ಮತ್ತೆ ಕಲಿಸಿ.

ಹೆಚ್ಚಿನ ಕಡೆ ಕೆಡುವುದು ಸಮಯದ ವಿಷಯದಲ್ಲಿ. ಡಿಸ್ಚಾರ್ಜ್ ದಿನ ಗಂಡ ಕಾಗದಪತ್ರಕ್ಕೆ ಓಡುತ್ತಿರುತ್ತಾನೆ, ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ಗಾಡಿ ಬಾಗಿಲಲ್ಲಿ ನಿಂತಿರುತ್ತದೆ, ಯಾರ ಕಿವಿಗೂ ಏನೂ ಬೀಳುವುದಿಲ್ಲ. ಸಹಜ ಹೆರಿಗೆಯವರು 48 ಗಂಟೆ ಮಾತ್ರ ಇರುವುದರಿಂದ ತರಗತಿ ದಿನವೂ ಬೇಕು. ಡಾಕ್ಟರ ರೌಂಡ್ಸ್ ಮುಗಿದ ಮೇಲೆ, 25 ನಿಮಿಷ, 8–10 ಜನ ಸಾಕು. ಬಾಣಂತನ ಮಾಡುವ ಅಜ್ಜಿ ಅಥವಾ ಅತ್ತೆ ಕೂತಿರಲೇಬೇಕು, ಮನೆಯಲ್ಲಿ ನಡೆಯುವುದು ಅವರ ಮಾತು.

ವಿಷಯ ನಾಲ್ಕೇ ಇರಲಿ. ಆರು ತಿಂಗಳು ಎದೆಹಾಲು ಮಾತ್ರ, ಜೇನುತುಪ್ಪ, ಸಕ್ಕರೆ ನೀರು ಬೇಡ. ಹೊಕ್ಕುಳ ಬಳ್ಳಿಗೆ ಏನೂ ಹಚ್ಚದೆ ಒಣಗಲು ಬಿಡುವುದು. ಕಡಿಮೆ ತೂಕದ ಕೂಸನ್ನು ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವುದು. ನಾಲ್ಕನೆಯದು ಅಪಾಯದ ಲಕ್ಷಣ: ಹಾಲು ಕುಡಿಯುವುದನ್ನು ಬಿಡುವುದು, ಜ್ವರ ಅಥವಾ ಮೈ ತಣ್ಣಗಾಗುವುದು, ಫಿಟ್ಸ್, ಅಂಗೈ ಅಂಗಾಲು ಹಳದಿಯಾಗುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು. ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷದ ಟೈಮರ್ ಹಾಕಿ, ಉಸಿರಿನ ಎಣಿಕೆಯನ್ನು ಅವರಿಂದಲೇ ಮಾಡಿಸಿ. ಕಟ್ಟಿಕೊಳ್ಳುವುದನ್ನು ಕಲಿಸಲು ಬಟ್ಟೆ ಗೊಂಬೆಯೊಳಗೆ 2 ಕಿಲೋ ಮರಳು ತುಂಬಿ ಹೊಲಿಸಿದರೆ ಆಯಿತು, ವಿದೇಶಿ ಗೊಂಬೆ ಯಾಕೆ? ಒಂದು ಎಚ್ಚರ: ಸಾಂಬ್ರಾಣಿ ಹೊಗೆ ಬೇಡ ಎಂದು ಮೊದಲ ಮಾತಿನಲ್ಲೇ ಹೇಳಿದರೆ ಅಜ್ಜಿ ಎದ್ದು ಹೋಗುತ್ತಾರೆ. ಮಗುವನ್ನು ಬೆಚ್ಚಗಿಡುವ ಅವರ ಅಭ್ಯಾಸವನ್ನು ಹೊಗಳಿ ಶುರುಮಾಡಿ, ಹೊಗೆಯ ಮಾತು ಕೊನೆಗಿರಲಿ.

'ಅರ್ಥವಾಯಿತಾ?' ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. 'ಅಜ್ಜಿ, ನಡುರಾತ್ರಿ ಕೂಸು ಹಾಲು ಕುಡೀಲಿಲ್ಲ, ಏನ್ ಮಾಡ್ತೀರಿ?' ಎಂದು ಕೇಳಿ. '108ಕ್ಕೆ ಫೋನ್ ಮಾಡ್ತೀವಿ' ಎಂಬ ಉತ್ತರ ಅವರ ಬಾಯಿಂದ ಬರುವ ತನಕ ತರಗತಿ ಮುಗಿದಿಲ್ಲ.

ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಭೇಟಿ ಕೊಡಬೇಕು. ನಿಮ್ಮ ನರ್ಸ್ 5 ಮತ್ತು 10ನೇ ದಿನ ಫೋನ್ ಮಾಡಲಿ. ಒಪ್ಪಿಗೆ ಕೇಳಿ ನಂಬರ್ ಬರೆದುಕೊಳ್ಳಿ, ಅದು ತಾಯಿಯ ಹತ್ತಿರವೇ ಇರುವ ಫೋನಿನದಾಗಿರಲಿ. ಗಂಡ ದುಡಿಯಲು ಬೆಂಗಳೂರಿಗೆ ಹೋದರೆ ಫೋನೂ ಹೋಯಿತು. ಎಷ್ಟು ಜನ ತರಗತಿಗೆ ಬಂದರು ಎನ್ನುವ ಲೆಕ್ಕಕ್ಕೆ ಬೆಲೆ ಕಡಿಮೆ. 10ನೇ ದಿನ ಬರೀ ಎದೆಹಾಲು ಕುಡಿಯುತ್ತಿರುವ ಮಕ್ಕಳೆಷ್ಟು, ಮೂರು ಅಪಾಯ ಲಕ್ಷಣ ನೆನಪಿಟ್ಟವರೆಷ್ಟು, ಇದನ್ನು ಕೇಳಿ ಬರೆದಿಡಿ. ತರಗತಿ ಶುರುವಾಗುವ ಮೊದಲೇ 50 ಮನೆಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿರಬೇಕು. ಇಲ್ಲದಿದ್ದರೆ ವರ್ಷದ ಕೊನೆಗೆ ಹೋಲಿಸಲು ಏನೂ ಇರುವುದಿಲ್ಲ.

ಎಲ್ಲವನ್ನೂ ಹೊಸದಾಗಿ ಬರೆಯಬೇಕಿಲ್ಲ. ಕರ್ನಾಟಕದ ನಾರಾಯಣ ಹೃದಯಾಲಯದಲ್ಲಿ ಹೃದ್ರೋಗಿಗಳ ಮನೆಯವರಿಗೆ ಕಲಿಸುತ್ತಾ ಶುರುವಾದ ನೂರಾ ಹೆಲ್ತ್ ಎಂಬ ಸಂಸ್ಥೆ ಈಗ ಸರ್ಕಾರಿ ಆಸ್ಪತ್ರೆಗಳಲ್ಲೂ ಇದನ್ನೇ ಮಾಡುತ್ತದೆ. ಪಾಠಗಳ ವಿಷಯದಲ್ಲಿ ಮೊದಲು ಅವರನ್ನು ಕೇಳಿ ನೋಡಿ.

ಅನುಮತಿಗೆ ಆಡಳಿತ ವೈದ್ಯಾಧಿಕಾರಿಯನ್ನು ಕಂಡು, ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಲಿಖಿತ ನಿರ್ಣಯ ಮಾಡಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿಯ ಜೊತೆಗೇ ವರ್ಗವಾಗುತ್ತದೆ. ಇನ್ನು, ಬೇರೊಂದು ನೋಂದಾಯಿತ ಟ್ರಸ್ಟ್ ಮೂಲಕ ಹಣ ಕೊಡುವುದಾದರೆ, 2023ರ ಹಣಕಾಸು ಕಾಯ್ದೆಯ ನಂತರ ಆದಾಯ ತೆರಿಗೆಗೆ ಅದರಲ್ಲಿ ಶೇ. 85 ಮಾತ್ರ ನಿಮ್ಮ ಖರ್ಚಾಗಿ ಲೆಕ್ಕಕ್ಕೆ ಬರುತ್ತದೆ. ಚೆಕ್ ಬರೆಯುವ ಮೊದಲು ಆಡಿಟರ್‌ಗೆ ಒಮ್ಮೆ ತೋರಿಸಿ.